ಪೆಡಲ್ ಬಿಚ್ಚಿ ಸೈಕಲ್ ಕಲಿಸುವ ಅಂಗಡಿ: 49ನೇ ವಯಸ್ಸಿನಲ್ಲಿ ನಾನು ಕೊಟ್ಟ 1,500 ರೂಪಾಯಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕಲಿಸಿದ್ದಕ್ಕೆ 1,500 ರೂಪಾಯಿ. ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ಲಿಗೆ 3,200. ಅದರ ಹಿಂದಿನ ಟಯರ್ ಬದಲಾಯಿಸಿದ್ದಕ್ಕೆ 450. ಡೆಟಾಲ್, ಬ್ಯಾಂಡೇಜು, ಮಂಡಿಯ ಹತ್ತಿರ ಹರಿದುಹೋದ ಒಂದು ಚೂಡಿದಾರದ ಪ್ಯಾಂಟು ಇದರಲ್ಲಿ ಸೇರಿಲ್ಲ. ಅವೆಲ್ಲ ಇದಕ್ಕೂ ಮುಂಚೆ ನಾನು ಹೋಗಿದ್ದ ಇನ್ನೊಂದು ಕ್ಲಾಸಿನ ಖಾತೆಗೆ. ಆ ಕಥೆಯನ್ನೂ ಹೇಳುತ್ತೇನೆ.

ನಾನು ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಮೈಸೂರಿನ ಕುವೆಂಪುನಗರದಲ್ಲಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗ ನಮ್ಮ ಸ್ಕೂಲಿನಲ್ಲಿ ರಿಜಿಸ್ಟರ್ ಬರೆಯುವ ಕೆಲಸ ನನಗೆ ಬಂತು. ಫ್ರೇಮ್ ನಂಬರ್ ನೋಡುವುದು, ಹೆಸರು ಬರೆಯುವುದು, ಸಹಿ ಹಾಕಿಸುವುದು. ಒಂದು ವರ್ಷ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದೆವು. ಮಳೆ ಹನಿಯಲು ಶುರುವಾಯಿತು. ಹೆಡ್‌ಮಾಸ್ಟರ್ "ಮೇಡಂ, ನಾಲ್ಕು ಸೈಕಲ್ ಒಳಗೆ ತಳ್ಳಿಬಿಡಿ" ಅಂದರು. ತಳ್ಳೋದು ತಾನೇ ಅಂತ ಹ್ಯಾಂಡಲ್ ಹಿಡಿದೆ. ಮೂರು ಹೆಜ್ಜೆ ಇಟ್ಟೆ. ಪೆಡಲ್ ಬಂದು ಮೊಣಕಾಲ ಕೆಳಗೆ ಬಡಿಯಿತು, ನಾನು ಸೈಕಲ್ ಕೈಬಿಟ್ಟೆ, ಅದು ಪಕ್ಕದ್ದರ ಮೇಲೆ ಬಿತ್ತು, ಪಕ್ಕದ್ದು ಅದರ ಪಕ್ಕದ್ದರ ಮೇಲೆ. ಒಟ್ಟು ಹನ್ನೊಂದು. ಆವತ್ತೇ ಸೈಕಲ್ ತಗೊಂಡಿದ್ದ ಒಬ್ಬ ಹುಡುಗಿ ಓಡಿಬಂದು "ಬಿಡಿ ಮಿಸ್, ನಾವು ಎತ್ತುತ್ತೀವಿ" ಅಂದಳು. ಪಾಪ, ನಗಲಿಲ್ಲ ಅವಳು. ನಕ್ಕಿದ್ದರೇ ಚೆನ್ನಾಗಿತ್ತು.

ಚಿಕ್ಕವಳಿದ್ದಾಗ ಯಾಕೆ ಕಲಿಯಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಅಪ್ಪನ ಕರೀ ಸೈಕಲ್ ಒಂದೇ ಇತ್ತು, ಅಣ್ಣಂದಿರು ಇಬ್ಬರು. ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಅವರು ಕಲಿತರು. ನನ್ನ ಸರದಿ ಬಂದಾಗ ಅಜ್ಜಿ ಅಡ್ಡ ಬಂದರು. ಬಿದ್ದು ಹಲ್ಲು ಮುರಿದುಕೊಂಡರೆ ಇವಳನ್ನ ಯಾರು ಮಾಡಿಕೊಳ್ತಾರೆ ಅನ್ನೋದು ಅವರ ಚಿಂತೆ. ಮೇಲೆ ಉದ್ದ ಲಂಗ. ಅಲ್ಲಿಗೆ ಮುಗಿಯಿತು.

2017ರಲ್ಲಿ ಮೈಸೂರಿಗೆ ಬಾಡಿಗೆಗೆ ಸಿಗುವ ಟ್ರಿಣ್ ಟ್ರಿಣ್ ಸೈಕಲ್ ಬಂದಾಗ ಮಗಳು ಕಾರ್ಡ್ ಮಾಡಿಸಿದಳು. ಅವಳು ಸೈಕಲ್ಲಿನಲ್ಲಿ ಮುಂದೆ, ನಾನು ವಾಕಿಂಗ್ ಶೂ ಹಾಕಿಕೊಂಡು ಹಿಂದೆ. ಆಮೇಲೆ ಸ್ಕೂಟಿಯಾದರೂ ಕಲಿಯೋಣ ಅಂತ ಹೆಂಗಸರಿಗೆ ಕಲಿಸುವ ಒಂದು ಕಡೆ ವಿಚಾರಿಸಿದೆ. ಅವರು ಕೇಳಿದ ಮೊದಲನೇ ಪ್ರಶ್ನೆ "ಸೈಕಲ್ ಬರುತ್ತಾ ಮೇಡಂ?" ಇಲ್ಲ ಅಂದೆ. "ಹಾಗಾದ್ರೆ ದಿನ ಜಾಸ್ತಿ ಆಗುತ್ತೆ, ಫೀಸೂ ಜಾಸ್ತಿ." ಸರಿ, ಸೈಕಲ್ಲೇ ಕಲಿತುಬಿಡೋಣ ಅಂತ ಹೊರಟೆ.

ಈಗ ಆ ಮೊದಲನೇ ಕ್ಲಾಸ್. ಹೆಸರು ಬೇಡ. ಆರು ದಿನಕ್ಕೆ 4,500 ರೂಪಾಯಿ. ಚೆಂದದ ಟೀ ಶರ್ಟ್, ಹೆಲ್ಮೆಟ್, ಮಂಡಿಗೆ ಕಟ್ಟುವ ಪ್ಯಾಡ್ ಎಲ್ಲಾ ಕೊಟ್ಟರು. ಕೊಟ್ಟ ಸೈಕಲ್ ಮಾತ್ರ ಗೇರ್ ಇರುವ ದೊಡ್ಡ ಚಕ್ರದ್ದು, ಅಡ್ಡ ಬಾರ್ ಇರುವಂಥದ್ದು. ನನ್ನ ಎತ್ತರ 4 ಅಡಿ 11 ಅಂಗುಲ. ಸೀಟಿನ ಮೇಲೆ ಕೂತರೆ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಕಲಿಸುವ ಹುಡುಗ ಒಳ್ಳೆಯವನೇ. ಸೀಟ್ ಹಿಡಿದುಕೊಂಡು ನನ್ನ ಹಿಂದೆ ಓಡುತ್ತಿದ್ದ, "ತುಳೀರಿ ಆಂಟಿ, ತುಳೀರಿ, ನಾನಿದ್ದೀನಿ" ಅನ್ನುತ್ತಿದ್ದ. ನಾಲ್ಕನೇ ದಿನ "ನಾನಿದ್ದೀನಿ" ಅನ್ನುವ ಮಾತು ಸ್ವಲ್ಪ ದೂರದಿಂದ ಕೇಳಿಸಿತು. ತಿರುಗಿ ನೋಡಿದೆ. ಇಪ್ಪತ್ತು ಅಡಿ ಹಿಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಾ ನಿಂತಿದ್ದ. ಅಷ್ಟೇ. ಬಲಗಡೆ ಬಿದ್ದೆ. ಮೊಣಕೈ ಚರ್ಮ ಕಿತ್ತುಬಂತು. ಪ್ಯಾಡ್ ಕಟ್ಟಿದ್ದು ಮಂಡಿಗೆ, ತರಚಿದ್ದು ಮೊಣಕೈ. ಪ್ಯಾಡ್ ಕೆಳಗೆ ಜಾರಿದ್ದರಿಂದ ಪ್ಯಾಂಟೂ ಹರಿಯಿತು. ಉಳಿದ ಎರಡು ದಿನ ನಾನು ಹೋಗಲೇ ಇಲ್ಲ. ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ.

ಅದಾಗಿ ಒಂದು ವಾರಕ್ಕೆ, ಪಕ್ಕದ ಮನೆ ಮಗುವಿನ ಸೈಕಲ್ ರಿಪೇರಿ ಆಗಿತ್ತು, ತರೋಕೆ ಅಂತ ಈ ಅಂಗಡಿಗೆ ಹೋದೆ. ಹತ್ತು ಅಡಿ ಅಗಲದ ಅಂಗಡಿ. ಮೇಲೆ ಕೊಕ್ಕೆಗೆ ಟಯರ್‌ಗಳು, ಗೋಡೆ ತುಂಬ ರಿಮ್ಮು, ಬಾಗಿಲ ಹತ್ತಿರ ಪಂಕ್ಚರ್ ನೋಡುವ ನೀರಿನ ಕಬ್ಬಿಣದ ಬಾಣಲೆ. ಬೋರ್ಡಿನ ಬಣ್ಣ ಹೋಗಿ ಅಕ್ಷರ ಕಾಣುವುದಿಲ್ಲ. ಯಜಮಾನರಿಗೆ ಅರವತ್ತೈದರ ಮೇಲಿರಬಹುದು. ಚಕ್ರದ ಕಡ್ಡಿ ಎಳೆದು ಬಿಗಿ ಮಾಡುತ್ತಾ ಕೂತಿದ್ದವರು ತಲೆಯೆತ್ತಿ ನನ್ನ ಮೊಣಕೈ ನೋಡಿದರು.

"ಸೈಕಲ್ಲಾ, ಸ್ಕೂಟ್ರಾ?"

"ಸೈಕಲ್."

"ಹಿಂದೆ ಯಾರೋ ಹಿಡ್ಕೊಂಡಿದ್ರು ಅಲ್ವಾ?"

ಹೌದು ಅಂದೆ.

"ಹಿಡ್ಕೊಂಡವರು ಬಿಟ್ಟೇ ಬಿಡ್ತಾರಮ್ಮ" ಅಂದು ಮತ್ತೆ ಕಡ್ಡಿ ಎಳೆಯಲು ಶುರುಮಾಡಿದರು.

ಅವರು ಕಲಿಸುವುದೂ ಉಂಟು ಅಂತ ಗೊತ್ತಾಗಿದ್ದು ಆಮೇಲೆ. ಎಷ್ಟು ದಿನ ಅಂತ ಕೇಳಿದರೆ "ಬರೋವರೆಗೂ" ಅಂದರು. ಫೀಸು 1,500, ಅದೂ ಸೈಕಲ್ ಬಂದ ಮೇಲೆ ಕೊಟ್ಟರೆ ಸಾಕು.

ಮೊದಲ ದಿನ ಬೆಳಿಗ್ಗೆ ಆರೂಕಾಲಕ್ಕೆ ನಮ್ಮ ಬಡಾವಣೆಯ ಮೈದಾನ. ಹಳೇ ಲೇಡೀಸ್ ಸೈಕಲ್ ತಂದಿದ್ದರು. ಜೇಬಿನಿಂದ ಪಾನ (ಸ್ಪ್ಯಾನರ್) ತೆಗೆದು ಮೊದಲು ಮಾಡಿದ ಕೆಲಸ ಪೆಡಲ್ ಬಿಚ್ಚಿದ್ದು. ನಾನು ಅವಾಕ್ಕಾದೆ. ಬಲಗಡೆಯದು ಮಾಮೂಲಿನಂತೆ ಎಡಕ್ಕೆ ತಿರುಗಿಸಿದಾಗ ಬಂತು. ಎಡಗಡೆಯದು ನಾನು ಬಿಚ್ಚುತ್ತೇನೆ ಕೊಡಿ ಅಂತ ಪಾನ ಇಸ್ಕೊಂಡೆ. ತಿರುಗಿಸಿದೆ, ತಿರುಗಿಸಿದೆ, ಇನ್ನೂ ಬಿಗಿಯಾಯಿತು. "ಅದು ಉಲ್ಟಾ ಥ್ರೆಡ್ಡು ಟೀಚರ್. ಎರಡೂ ಒಂದೇ ಥರ ಇದ್ರೆ ತುಳೀತಾ ತುಳೀತಾ ಎಡಗಡೇದು ತಾನಾಗೇ ಬಿಚ್ಚಿಕೊಂಡು ಬೀಳುತ್ತೆ." ಇಪ್ಪತ್ತೈದು ವರ್ಷ ಸ್ಕ್ರೂ ಅಂದರೆ ಸುತ್ತಿದ ಇಳಿಜಾರು ಅಂತ ಪಾಠ ಮಾಡಿದವಳು ನಾನು. ಈ ವಿಷಯ ಗೊತ್ತೇ ಇರಲಿಲ್ಲ. ಬಿಚ್ಚಿದ ಎರಡೂ ಪೆಡಲನ್ನು ಒಂದು ಹಾರ್ಲಿಕ್ಸ್ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು. "ಬೇಕು ಅನ್ನಿಸಿದ ದಿನ ಕೇಳಿ."

ಆಮೇಲೆ ಸೀಟ್ ಇಳಿಸಿದರು. ಕೂತರೆ ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು, ಅಷ್ಟು ಕೆಳಗೆ. ಆವತ್ತಿನ ಪಾಠ ಇಷ್ಟೇ: ಸೀಟಿನ ಮೇಲೆ ಕೂತುಕೊಂಡು ನಡೆಯುವುದು. ಮೈದಾನದ ಈ ತುದಿಯಿಂದ ಆ ತುದಿಗೆ, ಬಾತುಕೋಳಿ ಥರ. ಅವರು ಹಿಂದೆ ಬರಲಿಲ್ಲ. ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕ್ರಿಕೆಟ್ ಆಡುತ್ತಿದ್ದ ಹುಡುಗನೊಬ್ಬ ಬಾಲ್ ಎತ್ತಿಕೊಳ್ಳಲು ಬಂದವನು "ಆಂಟಿ, ಪೆಡಲ್ ಕದ್ಬಿಟ್ರಾ?" ಅಂದ. ಹೌದಪ್ಪ ಅಂದೆ.

ಎರಡನೇ ದಿನ ದೊಡ್ಡ ಹೆಜ್ಜೆ. ಮೂರನೇ ದಿನ ಎರಡು ಕಾಲಿನಿಂದಲೂ ಒಟ್ಟಿಗೆ ನೆಲ ಒದ್ದು, ಕಾಲು ಮೇಲೆತ್ತಿ, ಬೀಳುವ ಹಾಗಾದರೆ ಊರುವುದು. ಮೈದಾನ ಮೋರಿ ಕಡೆಗೆ ಸ್ವಲ್ಪ ಇಳಿಜಾರು. ಮೊದಲು "ಒಂದು" ಅನ್ನುವಷ್ಟರಲ್ಲಿ ಕಾಲು ನೆಲಕ್ಕೆ. ಹತ್ತಿಪ್ಪತ್ತು ಸಲ ಆದ ಮೇಲೆ "ಒಂದು, ಎರಡು". ನಾಲ್ಕನೇ ದಿನ ಬೆಳಿಗ್ಗೆ ಎಣಿಸುತ್ತಾ ಹೋದೆ. ಏಳು ಅಂದಾಗ ಮೋರಿ ಬಂತು. ಕಾಲು ಊರಿ ನಿಂತೆ. ಸೈಕಲ್ ನನ್ನ ಕೆಳಗೆ ಏನೂ ಆಗದವರ ಹಾಗೆ ನಿಂತಿತ್ತು. ಎದೆ ಮಾತ್ರ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಿರುಗಿ ನೋಡಿದರೆ ಯಜಮಾನರು ಕ್ರೀಡಾ ಪುಟದಲ್ಲಿದ್ದರು.

ಇಲ್ಲಿ ವಿಜ್ಞಾನ ಟೀಚರ್ ಸ್ವಲ್ಪ ಮಾತಾಡಲೇಬೇಕು, ಇಷ್ಟ ಇಲ್ಲದವರು ಮುಂದಿನ ಪ್ಯಾರಾಕ್ಕೆ ಹೋಗಿ. ಓಡುವ ಸೈಕಲ್ ಯಾಕೆ ಬೀಳುವುದಿಲ್ಲ ಅಂತ ಮಕ್ಕಳು ಕೇಳಿದಾಗಲೆಲ್ಲ "ಚಕ್ರ ಬುಗುರಿ ಥರ ತಿರುಗುತ್ತಲ್ಲ, ಅದಕ್ಕೆ" ಅಂತ ಹೇಳಿ ಮುಗಿಸುತ್ತಿದ್ದೆ. ಅದು ಪೂರ್ತಿ ಉತ್ತರ ಅಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್‌ನ ವಿಜ್ಞಾನಿಗಳು ಬುಗುರಿಯ ಪರಿಣಾಮವೇ ಇಲ್ಲದ ಹಾಗೆ, ಉಲ್ಟಾ ತಿರುಗುವ ಚಕ್ರ ಸೇರಿಸಿ, ಒಂದು ಸೈಕಲ್ ಮಾಡಿ ತಳ್ಳಿದರು. ಅದೂ ಬೀಳದೆ ಓಡಿತು. ಮುಖ್ಯವಾದ ಗುಟ್ಟು ಬೇರೆ: ಸೈಕಲ್ ಯಾವ ಕಡೆ ವಾಲುತ್ತೋ ಹ್ಯಾಂಡಲ್ ಆ ಕಡೆಗೇ ತಿರುಗಬೇಕು. ಆಗ ಚಕ್ರ ಮತ್ತೆ ನಿಮ್ಮ ಭಾರದ ಕೆಳಗೆ ಬರುತ್ತದೆ. ಹೊಸಬರು ಮಾಡುವುದು ಇದರ ತಿರುಗಾಮುರುಗ. ಎಡಕ್ಕೆ ಬೀಳ್ತಿದ್ದೀನಿ ಅನ್ನಿಸಿದ ಕೂಡಲೇ ಭಯಕ್ಕೆ ಹ್ಯಾಂಡಲ್ ಬಲಕ್ಕೆ ಎಳೆಯುತ್ತೇವೆ, ಧಡ್ ಅಂತ ಬೀಳುತ್ತೇವೆ. ಹಿಂದೆ ಒಬ್ಬರು ಸೀಟ್ ಹಿಡಿದುಕೊಂಡಿದ್ದರೆ ಸೈಕಲ್ ವಾಲುವುದೇ ಇಲ್ಲ, ವಾಲದೆ ಕೈಗೆ ಇದು ಗೊತ್ತಾಗುವುದೂ ಇಲ್ಲ. ನಾಲ್ಕು ದಿನ, 4,500 ರೂಪಾಯಿ, ನಾನು ಪೆಡಲ್ ತುಳಿಯುವುದನ್ನು ಕಲಿತೆ. ತುಳಿಯುವುದು ಯಾರಿಗೆ ಬರಲ್ಲ ಹೇಳಿ? ಅಂದ ಹಾಗೆ 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೂ ಪೆಡಲ್ ಇರಲಿಲ್ಲ. ಅದರ ಮೇಲೆ ಕೂತು ನೆಲ ಒದ್ದುಕೊಂಡೇ ಹೋಗುತ್ತಿದ್ದರು. ಯಜಮಾನರಿಗೆ ಇದನ್ನು ಹೇಳಿದೆ. "ಹೌದಾ? ನಮ್ಮುಡುಗ ಚಿಕ್ಕವನಿದ್ದಾಗ ಪೆಡ್ಲು ಮುರಿದ ಸೈಕಲ್ ಸಿಕ್ಕಿತ್ತು ಅವನಿಗೆ, ಹಿಂಗೇ ಒದ್ದು ಒದ್ದು ಒಂದಿನದಲ್ಲಿ ಕಲ್ತ. ಅದ ನೋಡಿ ನಾನು ಶುರುಮಾಡಿದ್ದು" ಅಂದರು.

ಆರನೇ ದಿನ ನಾನೇ ಬಾಯಿಬಿಟ್ಟು ಕೇಳಿದೆ. ಹಾರ್ಲಿಕ್ಸ್ ಡಬ್ಬ ಬಂತು. ಪೆಡಲ್ ಹಾಕಿ, ಬಲಗಡೆಯದನ್ನು ಗಡಿಯಾರದ ಮುಳ್ಳು ಎರಡು ಗಂಟೆ ತೋರಿಸುವ ಜಾಗಕ್ಕೆ ತಂದು ನಿಲ್ಲಿಸಿದರು. "ದೇವಸ್ಥಾನದ ಮೊದಲನೇ ಮೆಟ್ಟಿಲು ಹತ್ತೋ ಹಾಗೆ ತುಳೀರಿ. ಚಕ್ರ ನೋಡಬೇಡಿ, ಆ ಹೊಂಗೆ ಮರ ನೋಡಿ." ತುಳಿದೆ. ಸೈಕಲ್ ಹೋಯಿತು. ಎಡಗಾಲು ತಾನಾಗಿ ಹೋಗಿ ಪೆಡಲ್ ಹುಡುಕಿಕೊಂಡಿತು. ಹೊಂಗೆ ಮರಕ್ಕೂ ನನಗೂ ಮಧ್ಯೆ, ಎಡಕ್ಕೆ, ಗೋಲ್ ಪೋಸ್ಟಿಗೆ ಅಂತ ನಿಲ್ಲಿಸಿದ್ದ ಒಂದು ಕಲ್ಲು ಇತ್ತು. ಆ ಕಲ್ಲಿಗೆ ಹೊಡೆಯಬಾರದು, ಹೊಡೆಯಬಾರದು ಅಂದುಕೊಂಡೆ. ನೇರವಾಗಿ ಅದಕ್ಕೇ ಹೊಡೆದೆ. ಇಷ್ಟು ದೊಡ್ಡ ಮೈದಾನದಲ್ಲಿ ಇದ್ದಿದ್ದೇ ಒಂದು ಕಲ್ಲು! ನಿಧಾನಕ್ಕಿದ್ದೆ, ಕಾಲು ನೆಲಕ್ಕೆ ಎಟುಕುತ್ತಿತ್ತು, ಬೀಳಲಿಲ್ಲ. "ಕಲ್ಲು ನೋಡಿದ್ರಿ, ಕಲ್ಲಿಗೆ ಹೋದ್ರಿ" ಅಂದರು ಅಷ್ಟೇ. ಒಂಬತ್ತನೇ ದಿನ ಮೈದಾನವನ್ನು ಆರು ಸುತ್ತು ಹಾಕಿ, ಬ್ರೇಕ್ ಹಿಡಿದು, ಇಳಿದು ದುಡ್ಡು ಕೊಟ್ಟೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೈಯುವುದನ್ನೂ ಮಾಡಬೇಕು. ಒಂದು, ಟೈಮ್. ಒಂಬತ್ತು ದಿನದ ಪಾಠಕ್ಕೆ ನನಗೆ ಮೂರು ವಾರ ಹಿಡಿಯಿತು. ಎರಡು ಸಲ ಮೈದಾನದಲ್ಲಿ ನಾನು ಒಬ್ಬಳೇ, ಅವರ ಸುಳಿವಿಲ್ಲ. ಫೋನ್ ಎತ್ತುವುದಿಲ್ಲ. ಆಮೇಲೆ ಕೇಳಿದರೆ ಸಂತೆ, ಮದುವೆ, ಹಲ್ಲುನೋವು. ಇನ್ನೊಂದು ಇದಕ್ಕಿಂತ ಕಿರಿಕಿರಿ. ಸೈಕಲ್ ಕೊಳ್ಳುವ ದಿನ ನನ್ನ ಗಂಡ ಜೊತೆಗೆ ಬಂದಿದ್ದರು. ಮೂರು ವಾರ ನನಗೆ ಪಾಠ ಹೇಳಿದ ಈ ಮನುಷ್ಯ, ಅವರು ಬಂದ ಕೂಡಲೇ ನನ್ನನ್ನು ಬಿಟ್ಟು ಅವರ ಹತ್ತಿರವೇ ಮಾತು. "ಸಾರ್, ಮೇಡಂಗೆ ಈ ಹೈಟ್ ಸಾಕಾ? ಸಾರ್, ಬೆಲ್ಲು ಹಾಕಿಸಲಾ?" ನನ್ನ ಗಂಡ "ಓಡಿಸೋರು ಅವರು, ಅವರನ್ನ ಕೇಳಿ" ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ರಸೀದಿ ಇಲ್ಲ. ಹೆಲ್ಮೆಟ್ ನೀವೇ ತಗೊಂಡು ಹೋಗಿ. ಕಲಿಸಲು ಇರುವುದು ಒಂದೇ ಸೈಕಲ್, ಆದ್ದರಿಂದ ಗೆಳತಿಯರು ಮೂರು ಜನ ಸೇರಿ ಹೋಗೋಣ ಅಂದರೆ ಆಗಲ್ಲ. ಮತ್ತೆ ಅವರು ಕಲಿಸುವುದು ಮೈದಾನದಲ್ಲಿ ಮಾತ್ರ. ರೋಡಿಗೆ ಬಂದು ಬಸ್ಸಿನ ಪಕ್ಕ ಹೇಗೆ ಹೋಗಬೇಕು ಅನ್ನೋದು ನಿಮ್ಮ ಹಣೆಬರಹ.

ಸೈಕಲ್ ಬಗ್ಗೆ. 24 ಇಂಚಿನ ಚಕ್ರ, ಗೇರ್ ಇಲ್ಲ, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಚೈನಿಗೆ ಪೂರ್ತಿ ಕವರ್, ಹಿಂದಿನ ಚಕ್ರಕ್ಕೆ ವೇಲು ಸಿಕ್ಕಿಕೊಳ್ಳದ ಹಾಗೆ ಎರಡೂ ಪಕ್ಕ ಬಲೆ. ಬಲೆ ಇಲ್ಲದ ಸೈಕಲ್ಲನ್ನು ವೇಲ್ ಹಾಕುವವರು ತಗೊಳ್ಳಲೇಬೇಡಿ. ಬಾರ್ ಇಲ್ಲದ್ದರಿಂದ ಕಾಲು ಎತ್ತಿ ಹಾಕುವ ಸರ್ಕಸ್ ಇಲ್ಲ. ಲೇಡೀಸ್ ಸೈಕಲ್ಲೇ ಆಗಬೇಕು ಅಂತೇನೂ ಇಲ್ಲ ಅನ್ನಿ. 1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕೂಲಿಯವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಲಕ್ಷದ ಲೆಕ್ಕದಲ್ಲಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲೇ ಹತ್ತಿದರು. ಕೆಲವರಿಗೆ ಅದೇ ವಾಸಿ ಅನ್ನಿಸಿತಂತೆ, ಬಾರ್ ಮೇಲೆ ಮಗು ಕೂರಿಸಬಹುದಲ್ಲ! ನನಗೆ ಕೂರಿಸಲು ಮಗು ಇಲ್ಲ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬುಟ್ಟಿ ಸಾಕು.

ಬ್ರೇಕ್ ಹಿಡಿದರೆ ಕೀಂ ಅನ್ನುತ್ತದೆ. ರಿಮ್ಮಿನ ಎಣ್ಣೆ ಜಿಡ್ಡು ಒರೆಸಿ, ಬ್ರೇಕ್ ರಬ್ಬರ್ ಉಜ್ಜಿ ಕೊಟ್ಟರು, ಸ್ವಲ್ಪ ಕಮ್ಮಿಯಾಗಿದೆ. ಈಗ ಅದೇ ನನ್ನ ಎರಡನೇ ಬೆಲ್ಲು. ಸೀಟು ಗಟ್ಟಿ. ಮೊದಲ ವಾರ ಸ್ಟಾಫ್ ರೂಮಿನ ಮರದ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ, ಇದನ್ನ ಯಾರೂ ಮುಂಚೆ ಹೇಳುವುದಿಲ್ಲ. ತಂದ ಮೂರನೇ ದಿನ ಹಿಂದಿನ ಚಕ್ರ ಚಪ್ಪಟೆ. ಪಂಕ್ಚರ್ ಅಂದುಕೊಂಡು ಅಂಗಡಿಗೆ ತಳ್ಳಿಕೊಂಡು ಹೋದೆ. ವಾಲ್ ಟ್ಯೂಬ್ ಹೋಗಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಸಣ್ಣ ರಬ್ಬರ್ ಕೊಳವೆ, ಐದು ರೂಪಾಯಿ. ನಾಲ್ಕು ಹೆಚ್ಚಿಗೆ ತಂದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅಂದ ಹಾಗೆ ಆವತ್ತು ತಳ್ಳಿಕೊಂಡು ಹೋಗುವಾಗ ಪೆಡಲ್ ಒಂದು ಸಲವೂ ಕಾಲಿಗೆ ಬಡಿಯಲಿಲ್ಲ. ಅದು ಹೊಳೆದಿದ್ದು ಅಂಗಡಿ ಮುಟ್ಟಿದ ಮೇಲೆ.

ಸೀಟನ್ನು ವಾರಕ್ಕೆ ಅರ್ಧ ಇಂಚಿನಂತೆ ಏರಿಸುತ್ತಿದ್ದೇನೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕಂತೆ, ಅದು ಸರಿಯಾದ ಎತ್ತರ. ಇನ್ನೂ ಎರಡು ಇಂಚು ಬಾಕಿ. ಯಜಮಾನರು ಅವಸರ ಮಾಡಬೇಡಿ ಅಂದಿದ್ದಾರೆ, ನಾನೂ ಮಾಡುವುದಿಲ್ಲ.

ಯಾರಿಗೆ ಈ ಅಂಗಡಿ ಸರಿ? ಬೆಳಿಗ್ಗೆ ಬೇಗ ಏಳುವವರಿಗೆ, ಕಾಯುವ ತಾಳ್ಮೆ ಇರುವವರಿಗೆ, ಬಾತುಕೋಳಿ ಥರ ನಡೆಯುವುದನ್ನು ನಾಲ್ಕು ಜನ ನೋಡಿದರೆ ನೋಡಲಿ ಬಿಡು ಅನ್ನುವವರಿಗೆ. ಹೇಳಿದ ಟೈಮಿಗೆ ಹೇಳಿದ್ದು ಆಗಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ. ಎಲ್ಲಿಗೇ ಹೋದರೂ ಒಂದು ಪ್ರಶ್ನೆ ಕೇಳಿ: ಸೀಟ್ ಇಳಿಸುತ್ತೀರಾ, ಪೆಡಲ್ ಬಿಚ್ಚುತ್ತೀರಾ? ಹಿಂದೆ ಹಿಡ್ಕೋತೀವಿ ಅಂದರೆ ಎದ್ದು ಬನ್ನಿ. ಮನೆಯಲ್ಲೇ ಹಳೇ ಸೈಕಲ್ ಇದ್ದರೆ ಯಾರ ಹತ್ತಿರವೂ ಹೋಗಬೇಕಾಗಿಲ್ಲ, 15 ನಂಬರ್ ಪಾನ ಒಂದು ಸಾಕು. ಎಡಗಡೆಯದು ಉಲ್ಟಾ, ಮರೆಯಬೇಡಿ.

ಈಗ ಭಾನುವಾರ ಬೆಳಿಗ್ಗೆ ಹಾಲು, ತರಕಾರಿ ಎಲ್ಲಾ ಸೈಕಲ್ಲಿನಲ್ಲೇ. ಎಡಕ್ಕೆ ಚೆನ್ನಾಗಿ ತಿರುಗುತ್ತೇನೆ. ಬಲಕ್ಕೆ ತಿರುಗಬೇಕಾದರೆ ಕೈ ತೋರಿಸಬೇಕಲ್ಲ, ಹ್ಯಾಂಡಲ್ಲಿನಿಂದ ಕೈ ತೆಗೆಯಲು ಧೈರ್ಯ ಸಾಲದು. ಹಾಗಾಗಿ ಬಲಗಡೆ ಇರುವ ಹಾಲಿನ ಬೂತಿಗೆ ಮೂರು ಸಲ ಎಡಕ್ಕೆ ತಿರುಗಿ, ಇಡೀ ಬ್ಲಾಕ್ ಸುತ್ತಿಕೊಂಡು ಹೋಗುತ್ತೇನೆ. ಯಜಮಾನರ ಹತ್ತಿರ ಹೇಳಿದೆ. ಒಂದು ಕೈ ಬಿಟ್ಟು ಓಡಿಸೋದು ಬೇರೆ ಪಾಠವಂತೆ, ಅದಕ್ಕೆ ಬೇರೆ 300 ರೂಪಾಯಿ. ಮುಂದಿನ ಭಾನುವಾರ ಆರೂಕಾಲಕ್ಕೆ ಬನ್ನಿ ಅಂದಿದ್ದಾರೆ. ಅಂದರೆ ಅದರ ಮುಂದಿನ ಭಾನುವಾರ.